ಇರುವೆ ಮುಟ್ಟದ ಸಿಹಿ

ಅಣ್ಣಾ,

ನೀನು ಮಲಗಿರುವ ಕೋಣೆಯ ಹೊರಗೆ ಒಂದು ಕಬ್ಬಿಣದ ಬೆಂಚಿದೆ. ಅದರ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಇಂದಿಗೆ ನಾಲ್ಕನೇ ದಿನ. ಹತ್ತಿರ ಕೂತು ಮಾತಾಡಿಸಿ, ಅವರಿಗೆ ಕೇಳಿಸಿದರೂ ಕೇಳಿಸಬಹುದು ಎಂದು ನರ್ಸ್ ಹೇಳುತ್ತಾರೆ. ಮಾತಾಡಿದೆ. ಬಚ್ಚಲಿನ ನಲ್ಲಿ ಸೋರುವುದು ನಿಂತಿದೆ ಎಂದೆ. ಮೇಲಿನ ಮನೆಯ ಬೆಕ್ಕು ನಿನ್ನ ಹಳೇ ಸ್ವೆಟರಿನ ಮೇಲೆ ಮರಿ ಹಾಕಿದೆ ಎಂದೆ. ಹೇಳಲೇಬೇಕಾದ ಒಂದು ಮಾತು ಮಾತ್ರ ಹೇಳಲಿಲ್ಲ. ನಿನಗೆ ಕೇಳಿಸಿಬಿಟ್ಟರೆ ಎಂದು ಹೆದರಿಕೆ. ಇನ್ನು ಯಾವತ್ತೂ ಕೇಳಿಸದೇ ಹೋದರೆ ಎಂದು ಅದಕ್ಕಿಂತ ದೊಡ್ಡ ಹೆದರಿಕೆ. ಬಾಯಲ್ಲಿ ಆಗದ್ದನ್ನು ಕೈಯಲ್ಲಾದರೂ ಮಾಡೋಣವೆಂದು ನರ್ಸ್ ಹತ್ತಿರ ಹಾಳೆ ಕೇಳಿ ತಂದಿದ್ದೇನೆ.

ಸುತ್ತಿ ಬಳಸಿ ಹೇಳುವುದು ನಿನಗೆ ಆಗುವುದಿಲ್ಲ. ನೇರವಾಗಿ ಹೇಳುತ್ತೇನೆ. ನಿನ್ನ ಜೇಬಿನ ಡಬ್ಬಿಯಲ್ಲಿದ್ದ ಟಾಫಿಗಳಲ್ಲಿ ಸಕ್ಕರೆ ಇರಲಿಲ್ಲ ಅಣ್ಣ. ಅವನ್ನು ಬದಲಾಯಿಸಿದವಳು ನಾನು.

ಬರೆದೆ.

ನನ್ನನ್ನು ಇರುವೆ ಎಂದು ಕರೆಯಲು ಶುರು ಮಾಡಿದವನು ನೀನೇ. ಸಕ್ಕರೆ ಡಬ್ಬಿಯನ್ನು ಅಮ್ಮ ಎಲ್ಲಿ ಬಚ್ಚಿಟ್ಟರೂ ಕುರ್ಚಿಯ ಮೇಲೆ ಸ್ಟೂಲಿಟ್ಟು ಹತ್ತಿ ಹಿಡಿಯುತ್ತಿದ್ದವಳು ನಾನು. ಅಮ್ಮ ಹೋದ ಮಾರನೇ ವಾರ ನೀನು ಆ ಡಬ್ಬಿಯನ್ನು ಮೇಲಿನ ಗೂಡಿನಿಂದ ತೆಗೆದು ಕೆಳಗಿನ ಗೂಡಿನಲ್ಲಿಟ್ಟೆ. "ಬಿದ್ದು ಕಾಲು ಮುರ್ಕೋಬೇಡ. ಇಲ್ಲೇ ಇದೆ, ತಗೊಂಡು ತಿನ್ನು" ಎಂದೆ. ನಿನಗಾಗ ಹತ್ತೊಂಬತ್ತು, ನನಗೆ ಎಂಟು. ಆಮೇಲೆ ನನಗೆ ಕದ್ದು ತಿನ್ನುವ ಚಟವೇ ಬಿಟ್ಟುಹೋಯಿತು. ಕೆಳಗಿದ್ದ ಡಬ್ಬಿಯಲ್ಲಿ ಏನು ಮಜಾ?

ಆ ನಾಲಿಗೆಯೇ ನನಗೆ ಅನ್ನ ಹಾಕಿತು. ಬಿಸ್ಕತ್ತು, ಟಾಫಿ ಮಾಡುವ ಫ್ಯಾಕ್ಟರಿಯ ರುಚಿ ನೋಡುವ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ. ಬಿಳಿ ಕೋಟು, ಎದುರಿಗೆ ಸಾಲಾಗಿ ತಟ್ಟೆಗಳು, ಪ್ರತಿ ತುತ್ತಿನ ನಡುವೆ ಬಾಯಿ ಮುಕ್ಕಳಿಸಲು ಬೆಚ್ಚಗಿನ ನೀರು. ಚಿಟಿಕೆಯಷ್ಟು ಸಿಹಿ ಹೆಚ್ಚಾದರೂ ಹಿಟ್ಟನ್ನು ವಾಪಸು ಕಳಿಸುತ್ತಿದ್ದೆ. ಸಕ್ಕರೆ ಹಾಕದೆ ಸಿಹಿ ಮಾಡುವ ವಿಭಾಗ ಶುರುವಾದಾಗ ಅದಕ್ಕೂ ನನ್ನನ್ನೇ ಹಾಕಿದರು. ಒಂದು ಪುಡಿ ಕಹಿ ಉಳಿಸುತ್ತದೆ, ಇನ್ನೊಂದು ಬಾಯಿಯನ್ನು ತಣ್ಣಗೆ ಮಾಡುತ್ತದೆ, ಮತ್ತೊಂದು ತಡವಾಗಿ ಬಂದು ತಡವಾಗಿ ಹೋಗುತ್ತದೆ. ಯಾವುದಕ್ಕೆ ಯಾವುದನ್ನು ಬೆರೆಸಿದರೆ ಕಳ್ಳತನ ಗೊತ್ತಾಗುವುದಿಲ್ಲ ಎಂದು ಕಂಡುಹಿಡಿಯುವುದೇ ನನ್ನ ಕೆಲಸ. ಕಳ್ಳತನ ಎನ್ನುವ ಮಾತು ಅಲ್ಲಿ ನಾವು ತಮಾಷೆಗೆ ಆಡುತ್ತಿದ್ದದ್ದು.

ಎರಡು ವರ್ಷದ ಹಿಂದೆ ನಿನಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದಾಗ, ಅಳುವ ಬದಲು ನಾನು ಒಳಗೊಳಗೇ ಉಬ್ಬಿದೆ ಎಂದರೆ ನಂಬುತ್ತೀಯಾ? ನನ್ನ ವಿದ್ಯೆ ಕೊನೆಗೂ ನನ್ನ ಅಣ್ಣನಿಗೆ ಉಪಯೋಗಕ್ಕೆ ಬಂತಲ್ಲ ಎಂದುಕೊಂಡೆ. ಅವತ್ತು ಸಂಜೆಯೇ ನನ್ನ ಮಿಶ್ರಣ ಹಾಕಿ ಟೀ ಮಾಡಿ ತಂದೆ. ನೀನು ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟೆ. "ನಾಲಿಗೆ ಹಿಂದೆ ಹೋಗಿ ಕೂತ್ಕೊಂಡಿದೆ ನೋಡೇ ಇದು. ಎದ್ದು ಹೋಗ್ತಾನೇ ಇಲ್ಲ, ಬಂದ ನೆಂಟ್ರ ಥರ" ಎಂದೆ. ನಾನು ಅದರ ಗುಣಗಾನ ಮಾಡಿದೆ, ಓದಿದ್ದನ್ನೆಲ್ಲ ಒಪ್ಪಿಸಿದೆ. ನೀನು ಒಪ್ಪಲಿಲ್ಲ. "ಸಕ್ಕರೆ ಬೇಡ ಅಂದ್ರಾ, ಬಿಟ್ಟೆ. ಸಪ್ಪೆ ಕುಡೀತೀನಿ. ನಾಲಿಗೆಗೆ ಒಂದು ಹೇಳಿ ಹೊಟ್ಟೆಗೆ ಇನ್ನೊಂದು ಕೊಡೋದು ಬೇಡ" ಎಂದೆ. ಮಾರನೇ ದಿನದಿಂದ ಸಪ್ಪೆ ಟೀಯನ್ನೇ ಕುಡಿದೆ, ಮುಖ ಕೂಡ ಸಿಂಡರಿಸಲಿಲ್ಲ.

ಬಿಡಬಹುದಿತ್ತು. ನಾನು ಹಟಕ್ಕೆ ಬಿದ್ದೆ. ಪ್ರತಿ ಭಾನುವಾರ ಮೂರು ಲೋಟ ತಂದು ನಿನ್ನ ಮುಂದಿಡುತ್ತಿದ್ದೆ. ಎರಡರಲ್ಲಿ ಚೂರು ಚೂರು ಸಕ್ಕರೆ, ಒಂದರಲ್ಲಿ ನನ್ನದು. ಕೈಗಡಿಯಾರ ರಿಪೇರಿ ಮಾಡುವವನು ನೀನು, ಕೂದಲಿಗಿಂತ ಸಣ್ಣ ಸ್ಪ್ರಿಂಗನ್ನು ಚಿಮಟದಲ್ಲಿ ಹಿಡಿದು ಕೂರಿಸುವವನು. ಮೊದಲ ಗುಟುಕಿಗೇ "ಇದು" ಎಂದು ಬೆರಳು ತೋರಿಸುತ್ತಿದ್ದೆ. ಇಡೀ ಫ್ಯಾಕ್ಟರಿ ನನ್ನ ನಾಲಿಗೆಯನ್ನು ನಂಬುವಾಗ ಮನೆಯಲ್ಲಿ ವಾರಕ್ಕೊಮ್ಮೆ ಸೋಲುತ್ತಿದ್ದೆ. ನೀನು ನಗುತ್ತಿದ್ದೆ. ನಾನೂ ನಗುತ್ತಲೇ ಮುಂದಿನ ವಾರದ ಮಿಶ್ರಣದ ಲೆಕ್ಕ ಹಾಕುತ್ತಿದ್ದೆ.

ಹೋದ ತಿಂಗಳು ಒಂದು ಮಧ್ಯಾಹ್ನ ನೀನು ಮರೆತ ಕನ್ನಡಕ ಕೊಡಲು ಅಂಗಡಿಗೆ ಬಂದೆನಲ್ಲ. ಬಾಗಿಲಲ್ಲೇ ನಿಂತು ನೋಡಿದೆ. ನಿನ್ನ ಕೈ ನಡುಗುತ್ತಿತ್ತು. ನಲವತ್ತು ವರ್ಷ ಅಲುಗಾಡದ ಕೈ. ಹಣೆಯಲ್ಲಿ ಬೆವರು. ಜೇಬಿನಿಂದ ಡಬ್ಬಿ ತೆಗೆದು, ಹಳದಿ ಕಾಗದ ಬಿಚ್ಚಿ, ಒಂದರ ಹಿಂದೆ ಒಂದು ನಿಂಬೆ ಟಾಫಿಗಳನ್ನು ಬಾಯಿಗೆ ಹಾಕಿಕೊಂಡೆ. ನಮ್ಮ ಫ್ಯಾಕ್ಟರಿಯದೇ ಟಾಫಿ, ಅಪ್ಪಟ ಸಕ್ಕರೆ. ನನ್ನನ್ನು ಕಂಡ ಕೂಡಲೇ ಡಬ್ಬಿ ಜೇಬಿಗೆ ಸೇರಿತು. ನನಗೆ ಮೈಯೆಲ್ಲ ಉರಿದುಹೋಯಿತು. ಮನೆಯಲ್ಲಿ ಸಪ್ಪೆ ಟೀ ಕುಡಿದು ಸಾಧುವಿನ ಹಾಗಿರುವುದು, ಅಂಗಡಿಯಲ್ಲಿ ಕದ್ದು ಟಾಫಿ ತಿನ್ನುವುದು! ತಿಂದು ತಿಂದೇ ಕೈ ನಡುಗುವ ಮಟ್ಟಕ್ಕೆ ಬಂದಿದೆ ಎಂದುಕೊಂಡೆ. ನನಗೆ ಸಿಹಿಯ ರುಚಿ ಗೊತ್ತಿತ್ತು ಅಣ್ಣ, ಕಾಯಿಲೆ ಗೊತ್ತಿರಲಿಲ್ಲ.

ಮುಖಕ್ಕೇ ಕೇಳಬಹುದಿತ್ತು. ಕೇಳಿದ್ದರೆ ಜಗಳವಾಗುತ್ತಿತ್ತು, ಜಗಳದಲ್ಲಿ ನೀನು ನಿಜ ಹೇಳಿಬಿಡುತ್ತಿದ್ದೆ. ಈಗ ಆ ಜಗಳಕ್ಕಾಗಿ ಎಷ್ಟು ಆಸೆಪಡುತ್ತಿದ್ದೇನೆ ಗೊತ್ತಾ? ಆದರೆ ನನಗೆ ಜಗಳಕ್ಕಿಂತ ಗೆಲುವು ಬೇಕಿತ್ತು. ಎರಡು ವಾರ ಊಟದ ವಿರಾಮದಲ್ಲೂ ಕೂತು ನಿಂಬೆ ಟಾಫಿಯ ಬದಲಿ ತಯಾರಿಸಿದೆ. ಹುಳಿ ಮುಂದೆ ನಿಂತರೆ ಹಿಂದಿನ ಕಹಿ ಕಾಣುವುದಿಲ್ಲ. ಅದೇ ಬಣ್ಣ, ಅದೇ ಗಡಸು, ಪ್ಯಾಕಿಂಗ್ ವಿಭಾಗದಿಂದ ಕೇಳಿ ತಂದ ಅದೇ ಹಳದಿ ಕಾಗದ. ಆ ಭಾನುವಾರ ಲೋಟಗಳ ಬದಲು ಮೂರು ಟಾಫಿ ಇಟ್ಟೆ. ಮೂರನ್ನೂ ಚೂರು ಚೂರು ಕಚ್ಚಿ ನೋಡಿ, ತುಂಬಾ ಹೊತ್ತು ಯೋಚಿಸಿ, ತಪ್ಪಾದದ್ದಕ್ಕೆ ಬೆರಳು ತೋರಿಸಿದೆ. "ಸೋತೆ ಕಣೇ ಇರುವೆ" ಎಂದು ನನ್ನ ತಲೆ ತಟ್ಟಿದೆ. ಅವತ್ತು ನಾನು ಅಡುಗೆಮನೆಯಲ್ಲಿ ಕುಣಿದದ್ದು ನಿನಗೆ ಕಾಣಲಿಲ್ಲ. ಮಾರನೇ ಬೆಳಿಗ್ಗೆ ನೀನು ಸ್ನಾನಕ್ಕೆ ಹೋದಾಗ ಡಬ್ಬಿ ಖಾಲಿ ಮಾಡಿ ನನ್ನವನ್ನು ತುಂಬಿದೆ.

ನೀನು ಮೂರು ತಿಂಗಳಿಂದ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದೆ ಎಂದು ನನಗೆ ಹೇಳಿದವನು ಪಕ್ಕದ ಅಂಗಡಿಯ ಕ್ಷೌರಿಕ. ನೀನು ಬಿದ್ದ ಮೇಲೆ. ಅವನ ಅಂಗಡಿಯ ಪುಟ್ಟ ಫ್ರಿಜ್ಜಿನಲ್ಲಿ ಔಷಧಿ ಇಡುತ್ತಿದ್ದೆಯಂತೆ. "ತಂಗಿಗೆ ಹೇಳ್ಬೇಡ ಮಾರಾಯ. ನಮ್ಮಮ್ಮನಿಗೆ ಸೂಜಿ ಶುರುವಾದ ಮೇಲೆ ಆರು ತಿಂಗಳಷ್ಟೇ ಇದ್ದಿದ್ದು. ಇವಳು ನಿದ್ದೆ ಬಿಡ್ತಾಳೆ" ಎಂದಿದ್ದೆಯಂತೆ. ಸೂಜಿ ತೆಗೆದುಕೊಂಡು ಊಟ ತಡವಾದರೆ ಮೈಯಲ್ಲಿ ಸಕ್ಕರೆ ಇಳಿದುಹೋಗುತ್ತದೆ, ಕೈ ನಡುಗುತ್ತದೆ, ಆಗ ತಕ್ಷಣ ನಿಜವಾದ ಸಕ್ಕರೆ ಬಾಯಿಗೆ ಹಾಕಿಕೊಳ್ಳಬೇಕು, ಅದಕ್ಕೇ ಆ ಡಬ್ಬಿ. ಇಷ್ಟನ್ನು ಅವನು ಮೂಗು ಒರೆಸಿಕೊಳ್ಳುತ್ತಾ ಹೇಳುತ್ತಿದ್ದರೆ ನಾನು ಇದೇ ಬೆಂಚಿನ ಮೇಲೆ ಕೂತಿದ್ದೆ. ನೀನು ನನಗೆ ಹೆದರಿಕೆಯಾಗಬಾರದೆಂದು ಬಚ್ಚಿಟ್ಟೆ. ನಾನು ನಿನಗೆ ಒಳ್ಳೆಯದಾಗಲೆಂದು ಬಚ್ಚಿಟ್ಟೆ.

ಬಿದ್ದ ದಿನ ಯಾರೋ ಗಿರಾಕಿ ಅವಸರ ಮಾಡಿದರೆಂದು ನೀನು ಊಟ ಮುಂದೂಡಿದೆ. ಒಂದೂವರೆಗೆ ಕ್ಷೌರಿಕ ಇಣುಕಿ ನೋಡಿದಾಗ ಬೆವೆತಿದ್ದೆಯಂತೆ. ಏನಾದರೂ ಬೇಕಾ ಎಂದು ಕೇಳಿದ್ದಕ್ಕೆ ಡಬ್ಬಿ ಎತ್ತಿ ತೋರಿಸಿ, "ಹಾಕ್ಕೊಂಡಿದ್ದೀನಿ, ಈಗ ಸರಿಹೋಗುತ್ತೆ, ನೀನು ಹೋಗು" ಎಂದೆಯಂತೆ. ಅವನು ನಂಬಿ ಹೋದ. ಒಂದು ಗಡ್ಡ ಮುಗಿಸಿ, ಮನೆಗೆ ಹೋಗಿ ಊಟ ಮಾಡಿ, ಮೂರೂವರೆಗೆ ವಾಪಸು ಬಂದಾಗ ನೀನು ಮೇಜಿನ ಮೇಲೆ ತಲೆಯಿಟ್ಟಿದ್ದೆ. ಭೂತಗನ್ನಡಿ ಇನ್ನೂ ಕಣ್ಣಿಗೇ ಇತ್ತು. ಸುತ್ತಲೂ ಏಳು ಹಳದಿ ಕಾಗದ.

ಏಳು, ಅಣ್ಣ. ನಾಲ್ಕಕ್ಕೆ ಸರಿಹೋಗದಿದ್ದಾಗ ಐದನೆಯದು ಬಿಚ್ಚಿದ್ದೀಯ. ಆಮೇಲೆ ಆರು. ನಡುಗುವ ಬೆರಳಲ್ಲಿ ಏಳನೆಯದನ್ನು ಬಿಚ್ಚುವಾಗ ಏನೆಂದುಕೊಂಡೆ? ನನ್ನ ಮೇಲೆ ಅನುಮಾನ ಬಂತಾ? ಬಂದಿರಲಿ ದೇವರೇ, ಬಂದು ನನ್ನನ್ನು ಬೈದುಕೊಂಡಿರಲಿ ಎಂದು ಬೇಡಿಕೊಳ್ಳುತ್ತೇನೆ. ಕೊನೆಯವರೆಗೂ ನಂಬಿದ್ದೆ ಎಂದರೆ ನನಗೆ ತಡೆಯಲಾಗುವುದಿಲ್ಲ.

ಡಾಕ್ಟರು ಸಕ್ಕರೆ ನೀರನ್ನು ನೇರ ರಕ್ತಕ್ಕೇ ಏರಿಸಿದ್ದಾರೆ. "ಈಗ ಶುಗರ್ ಸರಿ ಇದೆ. ಮೆದುಳು ಎಷ್ಟು ಹೊತ್ತು ಉಪವಾಸ ಇತ್ತೋ ಗೊತ್ತಿಲ್ಲ. ಕಾಯ್ಬೇಕು" ಎನ್ನುತ್ತಾರೆ. ಮೊದಲ ದಿನ ಇನ್ನೊಂದು ಮಾತೂ ಕೇಳಿದರು. "ಅಷ್ಟೊಂದು ಟಾಫಿ ತಿಂದಿದ್ದಾರೆ, ಆದ್ರೂ ಯಾಕೆ ಏರಲಿಲ್ಲ ಅಂತ ಅರ್ಥ ಆಗ್ತಿಲ್ವಲ್ಲಮ್ಮಾ." ನಾನು "ನಂಗೂ ಗೊತ್ತಿಲ್ಲ ಡಾಕ್ಟ್ರೇ" ಎಂದೆ. ನಾಲಿಗೆ ಸ್ವಲ್ಪವೂ ತಡವರಿಸಲಿಲ್ಲ.

ಎರಡನೇ ದಿನ ಅಂಗಡಿ ಗುಡಿಸಲು ಹೋದೆ. ನಿನ್ನ ಕುರ್ಚಿಯ ಕೆಳಗೆ ಅರ್ಧ ಜಗಿದ ಟಾಫಿಯ ತುಂಡು ಬಿದ್ದಿತ್ತು. ಯಾರೋ ಕುಡಿದಿಟ್ಟ ಟೀ ಲೋಟದ ಕಡೆಗೆ ಇರುವೆಗಳ ಸಾಲು ಹೊರಟಿತ್ತು. ದಾರಿಯಲ್ಲೇ ಇದ್ದ ಆ ತುಂಡಿನ ಹತ್ತಿರ ಬಂದು, ಮೂಸಿ, ಸುತ್ತು ಹಾಕಿ ಮುಂದೆ ಹೋಗುತ್ತಿದ್ದವು. ಒಂದೂ ಮುಟ್ಟಲಿಲ್ಲ. ನಾನು ನೆಲದ ಮೇಲೆ ಕೂತು ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ.

ಬದಲಿ ಸಿಹಿಯನ್ನು ನಾನು ಬೈಯುವುದಿಲ್ಲ. ಅದನ್ನು ತಿಂದು ಚೆನ್ನಾಗಿರುವವರು ಎಷ್ಟೋ ಜನ. ಟೀಗೆ ಹಾಕಿದ್ದರೆ, ನೀನು ಒಪ್ಪಿ ಕುಡಿದಿದ್ದರೆ, ಒಳ್ಳೆಯದೇ ಆಗುತ್ತಿತ್ತೇನೋ. ಅದನ್ನು ಹಾಕಲೇಬಾರದ ಜಾಗ ಒಂದೇ ಒಂದಿತ್ತು, ಹುಡುಕಿಕೊಂಡು ಹೋಗಿ ಅಲ್ಲೇ ಹಾಕಿದೆ. ನಿನ್ನನ್ನು ಒಂದು ಮಾತು ಕೇಳಲಿಲ್ಲ.

ನನಗಿಂತ ದೊಡ್ಡ ಸಂಕಟ ಈ ಕ್ಷೌರಿಕನದು. ನಾಲ್ಕು ದಿನದಿಂದ ಅಂಗಡಿ ತೆಗೆದಿಲ್ಲ. ಈ ಬೆಂಚಿನ ಆ ತುದಿಯಲ್ಲಿ ಕೂತಿದ್ದಾನೆ. ನಿನ್ನೆ ನರ್ಸಿನ ಕಣ್ಣು ತಪ್ಪಿಸಿ ನಿನ್ನ ಗಡ್ಡ ಹೆರೆದು ಬೈಸಿಕೊಂಡ. "ನಾನು ಅಲ್ಲೇ ನಿಂತಿದ್ರೆ ಅಣ್ಣ ಹಿಂಗಾಗ್ತಿರ್ಲಿಲ್ಲ ಅಕ್ಕಾ. ನನ್ನ ಹೊಟ್ಟೆ ನೋಡ್ಕೊಂಡೆ" ಎಂದು ಗಂಟೆಗೊಮ್ಮೆ ಹೇಳುತ್ತಾನೆ. ನಾನು "ಸುಮ್ನಿರಪ್ಪ" ಎನ್ನುತ್ತೇನೆ. ಅಷ್ಟೇ ಎನ್ನುತ್ತೇನೆ. ನನ್ನ ಪಾಪವನ್ನು ಅವನ ತಲೆಯ ಮೇಲೆ ಬಿಟ್ಟು ಪಕ್ಕದಲ್ಲೇ ಕೂತು ಅವನು ತಂದ ಕಾಫಿ ಕುಡಿಯುತ್ತಿದ್ದೇನೆ.

ಇಷ್ಟು ಬರೆದ ಮೇಲೆ ಕೂರಲಾಗಲಿಲ್ಲ. ಪೆನ್ನು ಮುಚ್ಚಿ ಎದ್ದುಹೋದೆ. ಈಗ ನಿನ್ನ ಮಂಚದ ಪಕ್ಕ ಕೂತು ಮತ್ತೆ ಬರೆಯುತ್ತಿದ್ದೇನೆ.

ಮೊದಲು ಡಾಕ್ಟರಿಗೆ ಹೇಳಿದೆ. ಅವರು ಬರೆದುಕೊಂಡು, ಕನ್ನಡಕ ತೆಗೆದು, "ಅವತ್ತೇ ಹೇಳ್ಬೇಕಿತ್ತು" ಎಂದರು. ಬೈದಿದ್ದರೆ ಹಗುರಾಗುತ್ತಿತ್ತು. ಆಮೇಲೆ ಕ್ಷೌರಿಕನಿಗೆ ಹೇಳಿದೆ, ಒಂದೂ ಬಿಡದೆ. ಅವನು ನನ್ನ ಮುಖವನ್ನೇ ನೋಡಿದ. ಎದ್ದು ಮೆಟ್ಟಿಲಿಳಿದು ಹೊರಟುಹೋದ. ಇನ್ನು ಬರುವುದಿಲ್ಲ ಎಂದುಕೊಂಡೆ. ಅರ್ಧ ಗಂಟೆಗೆ ವಾಪಸು ಬಂದು ಒಂದು ಕಾಗದದ ಪೊಟ್ಟಣವನ್ನು ನನ್ನ ತೊಡೆಯ ಮೇಲಿಟ್ಟ. "ಸಕ್ಕರೆ. ಅಣ್ಣ ಎದ್ರೆ ಡಬ್ಬಿ ಬೇಕಾಗುತ್ತೆ. ನೀವೇ ನಾಲಿಗೆಗೆ ಹಾಕಿ ನೋಡಿ ಹೇಳಿ, ನಿಜವಾದ್ದಾ ಅಂತ" ಎಂದ. ಚುಚ್ಚಿ ಹೇಳಿದನೋ, ಸುಮ್ಮನೆ ಹೇಳಿದನೋ ತಿಳಿಯಲಿಲ್ಲ. ಎರಡಕ್ಕೂ ಅವನಿಗೆ ಹಕ್ಕಿದೆ.

ನಾಲ್ಕು ಕಾಳು ನಾಲಿಗೆಯ ಮೇಲಿಟ್ಟುಕೊಂಡೆ. ಏನೂ ಗೊತ್ತಾಗಲಿಲ್ಲ ಅಣ್ಣ. ಸಿಹಿಯೂ ಇಲ್ಲ, ಕಹಿಯೂ ಇಲ್ಲ, ಮರಳು ಇಟ್ಟುಕೊಂಡ ಹಾಗಿತ್ತು. ಇಪ್ಪತ್ತೆರಡು ವರ್ಷದ ನಾಲಿಗೆ ಕೈಕೊಟ್ಟಿತು. ನಿನ್ನ ಜೀವದ ವಿಷಯದಲ್ಲಿ ಇನ್ನೊಂದು ಸಲ ನನ್ನನ್ನು ನಾನು ನಂಬಲಾರೆ. ನಿನ್ನ ಕೋಣೆಯೊಳಗೆ ಬಂದು, ಮಂಚದ ಪಕ್ಕದ ಕಿಟಕಿಯ ಕಟ್ಟೆಯ ಮೇಲೆ ಒಂದು ಚಿಟಿಕೆ ಉದುರಿಸಿ ಕಾಯುತ್ತಾ ಕೂತೆ. ಒಂದು ಕೈಯಲ್ಲಿ ನಿನ್ನ ಕೈ ಹಿಡಿದುಕೊಂಡಿದ್ದೆ. ಕ್ಷೌರಿಕ ಬಾಗಿಲಲ್ಲೇ ನಿಂತಿದ್ದ. ನರ್ಸ್ ಬಂದು, ಕಟ್ಟೆಯ ಮೇಲಿನ ಸಕ್ಕರೆ ನೋಡಿಯೂ ಒರೆಸದೆ ಹೋದರು.

ತುಂಬಾ ಹೊತ್ತಾಯಿತು. ಬಿಸಿಲು ಕಟ್ಟೆಯಿಂದ ನೆಲಕ್ಕಿಳಿಯಿತು. ಆಮೇಲೆ ಕಿಟಕಿಯ ಸಂದಿಯಿಂದ ಒಂದೇ ಒಂದು ಇರುವೆ ಬಂತು. ಸುತ್ತು ಹಾಕಿ ಹೋಗಿಬಿಡುತ್ತದೆ ಎಂದುಕೊಂಡೆ. ಹೋಗಲಿಲ್ಲ. ತನ್ನ ತಲೆಗಿಂತ ದೊಡ್ಡ ಕಾಳನ್ನು ಎತ್ತಿಕೊಂಡಿತು. ಆಗ, ಅಂಗಡಿಯಿಂದ ತಂದಿದ್ದ ನಿನ್ನ ಡಬ್ಬಿಗೆ ಆ ಸಕ್ಕರೆ ತುಂಬಿಸಿದೆ. ನಿನ್ನ ದಿಂಬಿನ ಪಕ್ಕ, ಕೈ ಚಾಚಿದರೆ ಸಿಗುವಷ್ಟು ಕೆಳಗೆ ಇಟ್ಟಿದ್ದೇನೆ.

ಎದ್ದು ಬೈ. ಮಾತು ಬಿಡು. ನನ್ನ ಕೈಯ ಟೀ ಇನ್ನು ಬೇಡ ಎನ್ನು. ಏನು ಬೇಕಾದರೂ ಅನ್ನು, ಅನ್ನುವುದಕ್ಕಾದರೂ ಎದ್ದೇಳು. ಚಿಕ್ಕವರು ದೊಡ್ಡವರಿಗೆ ಆಶೀರ್ವಾದ ಮಾಡುವ ಹಾಗಿಲ್ಲ, ಗೊತ್ತು. ಬೇರೆ ಯಾರೂ ಇಲ್ಲವಲ್ಲ ನಮಗೆ, ನಾನೇ ಮಾಡುತ್ತೇನೆ. ನೂರು ವರ್ಷ ಬಾಳು ಅಣ್ಣ. ಸಪ್ಪೆ ಟೀ ಕುಡಿದುಕೊಂಡೇ ಬಾಳು.

ನಿನ್ನ ಕೈ ಬಿಡದೆ ಕೂತಿರುವ,
ಇರುವೆ