ನಿಮ್ಮಪ್ಪನ ಕಾರ್ಡಿನ ವಿಚಾರ

ಟಿ. ದಾಸರಹಳ್ಳಿ,
21 ಆಗಸ್ಟ್ 2025, ಗುರುವಾರ

ನನ್ನ ಮುದ್ದು ಬಸಲಿಂಗಾ,

ಹೇಗಿದ್ದೀಯಪ್ಪಾ? ಊಟ ಸರಿಯಾಗಿ ಸೇರುತ್ತಿದೆಯಾ? ಗಡಿಯ ಆ ಎತ್ತರದಲ್ಲಿ ಹಸಿವೇ ಆಗುವುದಿಲ್ಲ ಅಂತ ನಿಮ್ಮಪ್ಪ ಹೇಳುತ್ತಿರುತ್ತಾರೆ, ಹಸಿವಾಗದಿದ್ದರೂ ತಿನ್ನು. ಹೋದ ಭಾನುವಾರ ಫೋನಿನಲ್ಲಿ ನಿನ್ನ ಮಾತೆಲ್ಲ ಮೂಗಿನಿಂದ ಬರುತ್ತಿತ್ತು. ನೆಗಡಿಯಾ ಅಂದರೆ ಏನೂ ಇಲ್ಲಮ್ಮ ಅಂದೆ. ಅಪ್ಪನ ಮಗನೇ ನೀನು, ಮೂಗು ಉದುರಿ ಕೈಗೆ ಬಂದರೂ ಏನೂ ಇಲ್ಲ ಅನ್ನುವ ಪೈಕಿ. ನಾನು ಕಳಿಸಿದ ಉಣ್ಣೆಯ ಕಾಲುಚೀಲ, ಶೇಂಗಾ ಚಟ್ನಿಪುಡಿ ಮುಟ್ಟಿತೋ ಇಲ್ಲವೋ ಅದನ್ನೂ ಹೇಳಲಿಲ್ಲ. ಚಟ್ನಿಪುಡಿಯನ್ನು ಸ್ನೇಹಿತರಿಗೆ ಹಂಚು, ಬೇಡ ಅನ್ನುವುದಿಲ್ಲ, ಆದರೆ ಕಾಲುಚೀಲ ಮಾತ್ರ ಯಾರಿಗೂ ದಾನ ಮಾಡಬೇಡ.

ಫೋನಿರುವ ಕಾಲದಲ್ಲಿ ಅಮ್ಮನಿಗೆ ಕಾಗದದ ಹುಚ್ಚೇಕೆ ಹಿಡಿಯಿತು ಅಂದುಕೊಳ್ಳಬೇಡ. ನಿನ್ನ ಫೋನು ಬಂದರೆ ನಿಮ್ಮಪ್ಪ ಸ್ಪೀಕರ್ ಹಾಕು ಅಂತ ಪಕ್ಕದಲ್ಲೇ ಬಂದು ಕೂರುತ್ತಾರೆ. ನಾನು ಹೇಳಬೇಕಾದ್ದು ಅವರ ಮುಂದೆ ಹೇಳುವ ಮಾತಲ್ಲ. ಈಗ ಊಟ ಮಾಡಿ ಒಳಗೆ ಮಲಗಿದ್ದಾರೆ. ಹಿಂದಿನ ಶೆಡ್ಡಿನಲ್ಲಿ ಲೇತ್ ಮಷೀನು ಕಿರ್ ಅಂತಿದೆ, ಅದಕ್ಕೆ ಅವರಿಗೆ ಎಚ್ಚರವಾಗುವುದಿಲ್ಲ, ನಾನು ತಿಂಡಿ ಡಬ್ಬಿಯ ಮುಚ್ಚಳ ತೆಗೆದರೆ ಮಾತ್ರ ಆಗುತ್ತದೆ. ಸುತ್ತಿ ಬಳಸಿ ಬರೆಯಲು ನನಗೆ ಬರುವುದಿಲ್ಲ. ನನಗೆ ತುಂಬಾ ಹೆದರಿಕೆಯಾಗಿದೆ ಮಗಾ.

ನಿಮ್ಮಪ್ಪ ಡಯಾಲಿಸಿಸ್‌ಗೆ ಹೋಗುವ ಮೇನ್ ರೋಡಿನ ಆಸ್ಪತ್ರೆಯಲ್ಲಿ ಬಿಲ್ಲು ಕಟ್ಟುವ ಕಿಟಕಿಯ ಗಾಜಿಗೆ ಒಂದು ಹಾಳೆ ಅಂಟಿಸಿದ್ದಾರೆ. ಮಾಜಿ ಸೈನಿಕರ ಚಿಕಿತ್ಸೆಯ ಕಾರ್ಡನ್ನು ಸೆಪ್ಟೆಂಬರ್ ಒಂದರಿಂದ ತೆಗೆದುಕೊಳ್ಳುವುದಿಲ್ಲವಂತೆ. ಮೇಲಿನಿಂದ ಬರಬೇಕಾದ ಬಾಕಿ ಬಂದಿಲ್ಲ, ನೀವು ಕೈಯಿಂದ ಕಟ್ಟಿ ಚಿಕಿತ್ಸೆ ಮಾಡಿಸಿಕೊಳ್ಳಿ, ಆಮೇಲೆ ನೀವೇ ವಸೂಲಿ ಮಾಡಿಕೊಳ್ಳಿ ಅಂತ ಬರೆದಿದ್ದಾರೆ. ಅಲ್ಲಿನ ಹುಡುಗಿಯನ್ನು ಕೇಳಿದೆ. ಪಾಪ, ಒಳ್ಳೆಯವಳು. "ನಮ್ಮ ಕೈಲಿ ಏನಿದೆ ಆಂಟಿ, ಮ್ಯಾನೇಜ್‌ಮೆಂಟ್ ಹೇಳಿದ್ದು" ಅಂದಳು. ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಅದೂ ಬದುಕಿರುವವರೆಗೆ. ಅದನ್ನು ಕೈಯಿಂದ ಕಟ್ಟುವುದೆಂದರೆ ಏನು ಅಂತ ನಿನಗೆ ನಾನು ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ. ದೊಡ್ಡ ಮಿಲಿಟರಿ ಆಸ್ಪತ್ರೆ ಊರಿನ ಆ ತುದಿಗಿದೆ, ಅಲ್ಲಿ ಮಷೀನಿಗೆ ಸರದಿ ಹಿಡಿದು ಕಾಯುವವರೇ ಬೇಕಾದಷ್ಟಿದ್ದಾರೆ.

ಒಂದು ಸರದಿ ತಪ್ಪಿದರೆ ಏನಾಗುತ್ತದೆಂದು ನೀನು ನೋಡಿಲ್ಲ. ನಾನು ನೋಡಿದ್ದೇನೆ. ಈ ಯುಗಾದಿಯ ಹೊತ್ತಿಗೆ ಆಸ್ಪತ್ರೆಯ ಮಷೀನು ಕೆಟ್ಟು ಶುಕ್ರವಾರದ್ದು ತಪ್ಪಿಹೋಯಿತು. ಸೋಮವಾರ ಬರಲಿ ಅಂದರು. ಶನಿವಾರ ಕಾಲು ಊದಿತು, ಹೆಬ್ಬೆರಳಿನಿಂದ ಒತ್ತಿದರೆ ಗುಳಿ ಹಾಗೇ ಉಳಿಯುತ್ತಿತ್ತು. ಭಾನುವಾರ ಮಲಗಲಾಗದೆ ಕುರ್ಚಿಯಲ್ಲಿ ಕೂತು ಬಾಯಿಂದ ಉಸಿರು ಎಳೆಯತೊಡಗಿದರು. ನೀರು ಪುಪ್ಪುಸಕ್ಕೆ ಹೋಗಿತ್ತಂತೆ. ನೀರಿಲ್ಲದ ಕಡೆ ಮನುಷ್ಯ ಮುಳುಗುವುದನ್ನು ನಾನು ಅವತ್ತು ಕಂಡೆ. ನಿನಗೆ ಹೇಳಬೇಡ ಅಂತ ಆಣೆ ಮಾಡಿಸಿಕೊಂಡರು, ಹೇಳಲಿಲ್ಲ. ಅವತ್ತಿನಿಂದ ಅವರು ಮಲಗಿದಾಗಲೆಲ್ಲ ಎಡಗೈಯಲ್ಲಿ ಸೂಜಿ ಚುಚ್ಚಲು ನರ ಕೂಡಿಸಿದ್ದಾರಲ್ಲ, ಅದರ ಮೇಲೆ ಬೆರಳಿಟ್ಟು ನೋಡುತ್ತೇನೆ. ಒಳಗೆ ಜುಮ್ಮನೆ ಹರಿಯುತ್ತಿರಬೇಕು. ಹರಿಯುತ್ತಿದ್ದರೆ ಹೋಗಿ ಪಾತ್ರೆ ತೊಳೆಯುತ್ತೇನೆ.

ಅವರೋ, ಆಸ್ಪತ್ರೆಗೆ ಹೋಗುವುದೆಂದರೆ ಇವತ್ತಿಗೂ ಪರೇಡಿಗೆ ಹೋದ ಹಾಗೆ. ಹಿಂದಿನ ದಿನವೇ ಬೂಟು ಪಾಲಿಶ್ ಆಗಬೇಕು, ಮೀಸೆ ತಿದ್ದಬೇಕು. ಅಲ್ಲಿ ಬೂಟು ಬಿಚ್ಚಿಸಿಯೇ ಮಲಗಿಸುತ್ತಾರೆ, ಯಾರಿಗೆ ತೋರಿಸುವುದಕ್ಕೆ ಈ ಪಾಲಿಶ್ ಅಂದರೆ, "ಹವಾಲ್ದಾರ್ ಕೊಟ್ರಪ್ಪ ಬಂದ ಅಂತ ಗೊತ್ತಾಗಬೇಕು" ಅಂತಾರೆ. ನರ್ಸಮ್ಮಂದಿರಿಗೆ ಗೊತ್ತಾಗಿದೆ, ಬೂಟ್ ಅಂಕಲ್ ಅಂತ ಹೆಸರಿಟ್ಟಿದ್ದಾರೆ.

ಗಾಜಿನ ಮೇಲಿನ ಹಾಳೆ ನೋಡಿ ನಮ್ಮ ಮಾಜಿ ಸೈನಿಕರ ಸಂಘದವರೆಲ್ಲ ಕುದಿದುಬಿಟ್ಟರು. ಟೀ ಅಂಗಡಿಯ ಮುಂದೆ ದಿನಾ ಸಭೆ. ಈ ಸಲ ಬಿಡುವುದಿಲ್ಲ, ರಸ್ತೆಗಿಳಿಯುತ್ತೇವೆ, ಟಿವಿಯವರನ್ನು ಕರೆಸುತ್ತೇವೆ. ನಿಮ್ಮಪ್ಪನೂ ಜೋರು. ಅಷ್ಟರಲ್ಲಿ ಕಾರ್ಡಿನ ವ್ಯವಹಾರ ನೋಡಿಕೊಳ್ಳುವ ಕರ್ನಲ್ ಸಾಹೇಬರೊಬ್ಬರು ಭಾನುವಾರ ಬೆಳಿಗ್ಗೆ ಸಂಘದ ಹಾಲಿಗೇ ಬಂದು ಅಹವಾಲು ಕೇಳುತ್ತಾರೆ, ಕೇಳಿದ್ದನ್ನು ದಿಲ್ಲಿಗೆ ಒಯ್ಯುತ್ತಾರೆ ಅಂತ ಸುದ್ದಿ ಬಂತು. ಮೊದಲು ನಾನೇ ಮಾತಾಡುತ್ತೇನೆ ಅಂತ ನಿಮ್ಮಪ್ಪ ಒಪ್ಪಿಕೊಂಡು ಬಂದರು. ಶನಿವಾರವೆಲ್ಲ ಕನ್ನಡಿ ಮುಂದೆ ನಿಂತು ಹಿಂದಿಯಲ್ಲಿ ಅಭ್ಯಾಸ. ನಾನು ಒಗ್ಗರಣೆ ಹಾಕುತ್ತಾ ಕೇಳಿಸಿಕೊಂಡೆ. ಚೆನ್ನಾಗಿ ಹೇಳುತ್ತಿದ್ದರು ಕಣೋ, ನನಗೇ ಧೈರ್ಯ ಬಂದಿತ್ತು.

ಭಾನುವಾರ ಹೆಂಗಸರು ನಾವು ಹಿಂದಿನ ಸಾಲಿನಲ್ಲಿ ಕೂತಿದ್ದೆವು. ನನ್ನ ಪಕ್ಕ ವೆಂಕಟಲಕ್ಷ್ಮಿ ಇದ್ದಳು. ನಿನಗೆ ಗೊತ್ತಲ್ಲ, ಸುಬೇದಾರ್ ಸಾಹೇಬರ ಹೆಂಡತಿ, ಅವರು ತೀರಿಕೊಂಡ ಮೇಲೂ ಸಂಘದ ಒಂದು ಸಭೆ ಬಿಟ್ಟವಳಲ್ಲ. ಸಾಹೇಬರು ಒಳಗೆ ಕಾಲಿಟ್ಟಿದ್ದೇ ತಡ, ಟೀ ಅಂಗಡಿಯಲ್ಲಿ ಗುಡುಗುತ್ತಿದ್ದವರೆಲ್ಲ ದಡಕ್ಕನೆ ಎದ್ದು ನಿಂತರು. ಕೂತದ್ದೂ ಹಾಗೇ, ಸುಬೇದಾರರು ಮುಂದೆ, ಹವಾಲ್ದಾರರು ಅವರ ಹಿಂದೆ, ಸಿಪಾಯಿಗಳು ಕೊನೆಗೆ. ಹೀಗೆ ಕೂತುಕೊಳ್ಳಿ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಸಾಹೇಬರು ಯೋಜನೆ, ಬಜೆಟ್ಟು, ತಾಳ್ಮೆ ಅಂತ ಬಹಳ ಹೊತ್ತು ಮಾತಾಡಿದರು. ಕೊನೆಗೆ ಫೌಜಿನಲ್ಲಿ ದರ್ಬಾರಿನ ಸಭೆ ಮುಗಿಸುವ ಹಾಗೆ ಗಂಟಲೆತ್ತಿ, "ಕೋಯಿ ಶಕ್? ಕಿಸೀ ಕೋ ಕೋಯಿ ತಕ್ಲೀಫ್?" ಅಂದರು.

"ನಹೀಂ ಸಾಬ್."

ಒಂದೇ ಉಸಿರಿಗೆ, ಇಡೀ ಹಾಲು. ಎಲ್ಲರಿಗಿಂತ ಎತ್ತರದ ದನಿ ನಿಮ್ಮಪ್ಪನದು. ಯಾರಿಗೂ ಏನೂ ತೊಂದರೆಯಿಲ್ಲವಂತೆ. ಇಪ್ಪತ್ತೈದು ವರ್ಷ ಬೆಳಗಾದರೆ ಹಾಗೇ ಕೂಗಿದ ಗಂಟಲು, ತಲೆಯನ್ನು ಕೇಳದೆ ಕೂಗಿಬಿಟ್ಟಿತು. ಸಾಹೇಬರ ಜೊತೆ ಬಂದಿದ್ದ ಗುಮಾಸ್ತ ತಲೆ ಬಗ್ಗಿಸಿ ಬರೆದುಕೊಂಡ. ವೆಂಕಟಲಕ್ಷ್ಮಿ ಬಾಯಿಗೆ ಸೆರಗು ಅಡ್ಡ ಹಿಡಿದು, "ಮನೇಲಿ ಹುಲಿ, ಬೀದೀಲಿ ಇಲಿ ಅಂತಾರಲ್ಲ, ನೋಡ್ರೀ ನಮ್ಮ ಪಲ್ಟನ್ನು" ಅಂತ ನಕ್ಕಳು. ನಗುತ್ತಾ ನಗುತ್ತಾ ಅವಳ ಕಣ್ಣಲ್ಲಿ ನೀರು ಬಂತು. ನನಗೆ ನಗು ಬರಲಿಲ್ಲ. ನಿಮ್ಮಪ್ಪನ ಕುತ್ತಿಗೆ ಹಿಂದಿನಿಂದ ಕಾಣುತ್ತಿತ್ತು, ಕೆಂಪಾಗಿತ್ತು. ಮಾಡಿದ್ದೇನು ಅಂತ ಅವರಿಗೂ ಅರಿವಾಗಿತ್ತು, ಆದರೆ ಒಮ್ಮೆ ಇಲ್ಲ ಅಂದ ಮೇಲೆ ಎದ್ದು ಇದೆ ಅನ್ನುವುದು ಅವರ ಜಾತಕದಲ್ಲೇ ಇಲ್ಲ.

ಸಾಹೇಬರು ಟೋಪಿ ಕೈಗೆ ತೆಗೆದುಕೊಂಡರು. ಆಗ ನಾನು ಎದ್ದುಬಿಟ್ಟೆ. ಹೇಗೆ ಎದ್ದೆ ಅಂತ ಕೇಳಬೇಡ, ಮುಂದಿನ ಕುರ್ಚಿ ಹಿಡಿದುಕೊಂಡಿದ್ದೆ. ಪಠಾಣ್‌ಕೋಟಿನ ಕ್ವಾರ್ಟರ್ಸಿನಲ್ಲಿ ತರಕಾರಿಯವನ ಹತ್ತಿರ ಕಲಿತ ಹಿಂದಿ ನನ್ನದು. "ಸಾಬ್, ಮೇರೇ ಕೋ ತಕ್ಲೀಫ್ ಹೈ" ಅಂದೆ. ಒಂದರಿಂದ ಕಾರ್ಡು ನಿಲ್ಲಿಸಿದರೆ ನನ್ನ ಗಂಡ ಆ ತಿಂಗಳು ದಾಟುವುದಿಲ್ಲ ಅಂತಲೂ ಹೇಳಿದೆ, ಅರ್ಧ ಹಿಂದಿ ಅರ್ಧ ಕನ್ನಡ. ಗಂಡಸರೆಲ್ಲ ನೆಲ ನೋಡಿದರು. ಸಾಹೇಬರು ಮಾತ್ರ ಪೂರ್ತಿ ಕೇಳಿಸಿಕೊಂಡರು, ಕೆಟ್ಟವರಲ್ಲ. ಬಾಯಿಮಾತನ್ನು ನಾನು ದಿಲ್ಲಿಗೆ ಒಯ್ಯಲಾರೆ ಬೆಹನ್‌ಜೀ, ಹೆಸರು ಹಾಕಿ ಬರೆದುಕೊಡಿ, ಇಪ್ಪತ್ತೈದನೇ ತಾರೀಖು ಸೋಮವಾರ ಹೊರಡುತ್ತೇನೆ, ಅಷ್ಟರಲ್ಲಿ ನನ್ನ ಕೈಗೆ ಬರಬೇಕು ಅಂದರು. ಕಾರ್ಡು ಇರುವವರು ಬರೆಯಬಹುದು, ಇಲ್ಲವೇ ಅವರ ಹೆಂಡತಿ.

ಅರ್ಜಿ ತಯಾರಾಗಿದೆ. ವೆಂಕಟಲಕ್ಷ್ಮಿಯ ಸೊಸೆ ಟೈಪ್ ಮಾಡಿಕೊಟ್ಟಳು. ಸಹಿ ಮಾತ್ರ ಒಂದೂ ಬಿದ್ದಿಲ್ಲ. ಮೊದಲ ಸಹಿ ನೀವು ಹಾಕಿ ಅಂತ ಒಬ್ಬರು ಇನ್ನೊಬ್ಬರಿಗೆ ಮರ್ಯಾದೆ ಕೊಡುತ್ತಿದ್ದಾರೆ. ಫೌಜು ನಮಗೆ ಅನ್ನ ಹಾಕಿದೆ, ಅದರ ಮೇಲೆ ದೂರು ಬರೆಯುವುದು ಹೇಗೆ ಅನ್ನುವವರೂ ಇದ್ದಾರೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಅಂತ ಮೇಲಿನವರು ನಮ್ಮನ್ನು ಬಿಟ್ಟರೂ ಈ ಅಂಬಿಗರಿಗೆ ಹಂಗು ಹೋಗಿಲ್ಲ.

ನಿಮ್ಮಪ್ಪನ ತಕರಾರು ಬೇರೆ, ಅದೇ ನನ್ನನ್ನು ಕಟ್ಟಿಹಾಕಿರುವುದು. "ಬಸ್ಯಾ ಇನ್ನೂ ಯೂನಿಫಾರ್ಮ್‌ನ್ಯಾಗ ಅದಾನ. ಹವಾಲ್ದಾರ್ ಆಗೋ ಲಿಸ್ಟಿನ್ಯಾಗ ಅವನ ಹೆಸರೈತಿ. ಅವ್ವ ಅಪ್ಪ ಸರ್ಕಾರದ ಮ್ಯಾಲೆ ಅರ್ಜಿ ಹಾಕ್ಯಾರ ಅಂತ ಅಲ್ಲಿಗೆ ಮುಟ್ಟಿದ್ರ ಮುಗೀತು. ನಂದು ಹೆಂಗೋ ಆಗತೈತಿ, ಅವನ ಅನ್ನಕ್ಕ ಕಲ್ಲು ಹಾಕಬ್ಯಾಡ" ಅಂದರು. ಹಾಗೆಲ್ಲ ಏನೂ ಆಗುವುದಿಲ್ಲ ಅಂತ ವೆಂಕಟಲಕ್ಷ್ಮಿ ಹೇಳುತ್ತಾಳೆ. ಆಗುತ್ತದೋ ಇಲ್ಲವೋ ನನಗೇನು ಗೊತ್ತು? ಅತ್ತ ದರಿ, ಇತ್ತ ಪುಲಿ. ಸಹಿ ಹಾಕದಿದ್ದರೆ ಗಂಡ, ಹಾಕಿದರೆ ಮಗ. ಇಂಥದ್ದರಲ್ಲಿ ಯಾವ ಹೆಂಗಸು ಆರಿಸುತ್ತಾಳೆ ಹೇಳು. ಅದಕ್ಕೇ ನಿನ್ನನ್ನು ಕೇಳುತ್ತಿದ್ದೇನೆ. ನಿನಗೆ ತೊಂದರೆಯಾಗುವ ಹಾಗಿದ್ದರೆ ಮುಚ್ಚುಮರೆಯಿಲ್ಲದೆ ಬೇಡ ಅನ್ನು, ನಾನು ಬೇಜಾರು ಮಾಡಿಕೊಳ್ಳುವುದಿಲ್ಲ. ಈ ಕಾಗದ ನಿನ್ನ ಕೈಗೆ ಬರುವುದರೊಳಗೆ ಸೋಮವಾರ ದಾಟಿರುತ್ತದೆ ಅಂತ ನನಗೂ ತಿಳಿದಿದೆ. ನೀನು ಈ ಭಾನುವಾರ ಫೋನು ಮಾಡಿದರೆ ಹೇಗಾದರೂ ಅವರನ್ನು ಹಾಲು ತರಲು ಕಳಿಸಿ ಕೇಳುತ್ತೇನೆ. ಲೈನು ಸಿಗದಿದ್ದರೆ ಏನು ಮಾಡುವುದೋ ಗೊತ್ತಿಲ್ಲ. ಬರೆದರೆ ಎದೆಯ ಭಾರ ಸ್ವಲ್ಪ ಇಳಿಯುತ್ತದೆ ಅಂತ ಬರೆದೆ, ಇಳಿದಿಲ್ಲ.

ಒಳಗೆ ಕೆಮ್ಮು ಕೇಳಿಸುತ್ತಿದೆ, ಎದ್ದರು ಅಂತ ಕಾಣುತ್ತದೆ. ಎದ್ದವರೇ ನಾಳೆಗೆ ಬೂಟಿಗೆ ಪಾಲಿಶ್ ಹಚ್ಚಲು ಕೂರುತ್ತಾರೆ. ಬೆಳಿಗ್ಗೆ ಹಣೆಗೆ ವಿಭೂತಿ ಹಚ್ಚಿಕೊಳ್ಳುವುದು ಮರೆಯಬೇಡ. ನಿನ್ನ ಕಾವಲಿನ ಹೊತ್ತಿನಲ್ಲಿ ಕೊಟ್ಟೂರೇಶ್ವರ ನಿನ್ನ ಹಿಂದೆಯೇ ನಿಂತಿರಲಿ, ನಿನ್ನ ಜೊತೆಯ ಹುಡುಗರ ಹಿಂದೆಯೂ.

ನಿನ್ನ ತಲೆ ನೇವರಿಸುತ್ತಾ,
ಅಮ್ಮ
ಶಿವಗಂಗಾ

ಮರೆತ ಮಾತು (ಶುಕ್ರವಾರ ಮಧ್ಯಾಹ್ನ): ಕಾಗದ ಇನ್ನೂ ಅಂಚೆ ಡಬ್ಬಿಗೆ ಹಾಕಿರಲಿಲ್ಲ, ಒಡೆದು ಬರೆಯುತ್ತಿದ್ದೇನೆ, ಅಕ್ಷರ ಓರೆಯಾದರೆ ಹೊಂದಿಸಿಕೋ. ನಿಮ್ಮಪ್ಪ ಇವತ್ತು ಎಂದಿನ ಹೊತ್ತಿಗೇ ಮನೆಗೆ ಬಂದರು. ಆಯಿತಾ ಅಂದೆ, ಆಯ್ತು ಅಂದರು. ನೀರು ಕೊಡಲು ಹೋದಾಗ ನೋಡಿದೆ, ಎಡಗೈಯಲ್ಲಿ ಹತ್ತಿಯೂ ಇಲ್ಲ, ಪಟ್ಟಿಯೂ ಇಲ್ಲ. ಕಾರ್ಡಿನ ಮೇಲೆ ಡಯಾಲಿಸಿಸ್‌ಗೆ ಬರೆದುಕೊಡುವ ಹಳೆಯ ಚೀಟಿಯ ಅವಧಿ ಮುಗಿದಿದೆ, ಹೊಸ ಚೀಟಿ ಈಗಿನಿಂದಲೇ ತೆಗೆದುಕೊಳ್ಳುವುದಿಲ್ಲ ಅಂತ ಆಸ್ಪತ್ರೆಯವರು ಅಂದರಂತೆ. ಇವರು ಸರಿ ಅಂದು ಬಂದು ಮೆಟ್ರೋ ಸ್ಟೇಷನ್ ಕೆಳಗಿನ ಕಟ್ಟೆಯ ಮೇಲೆ, ಡಯಾಲಿಸಿಸ್ ಮುಗಿಯುವಷ್ಟು ಹೊತ್ತು ಕೂತು, ಎದ್ದು ಮನೆಗೆ ಬಂದಿದ್ದಾರೆ. ನನಗೇನೂ ಆಗಿಲ್ಲ ಅಂತಿದ್ದಾರೆ. ಆಗಲೇ ಕಾಲು ಬೂಟಿನಿಂದ ಹೊರಗೆ ಬರುತ್ತಿಲ್ಲ. ಕೆಳಗಿನ ಮನೆಯ ಮುರಳಿ ಆಟೋ ತಂದು ನಿಲ್ಲಿಸಿದ್ದಾನೆ, ದೊಡ್ಡ ಸರ್ಕಾರಿ ಆಸ್ಪತ್ರೆಗೆ ಹೊರಟಿದ್ದೇವೆ. ನಿನ್ನ ಉತ್ತರಕ್ಕೆ ಕಾಯಲಿಲ್ಲ ಮಗಾ. ಅರ್ಜಿಗೆ ಮೊದಲ ಸಹಿ ನಾನು ಹಾಕಿ ವೆಂಕಟಲಕ್ಷ್ಮಿಯ ಕೈಗೆ ಕೊಟ್ಟೆ, ಈ ಕಾಗದವನ್ನೂ ಅವಳೇ ಅಂಚೆಗೆ ಹಾಕುತ್ತಾಳೆ. ನಿನ್ನ ಹೆಸರನ್ನಾಗಲಿ ನಂಬರನ್ನಾಗಲಿ ಎಲ್ಲೂ ಬರೆದಿಲ್ಲ. ಯಾರಾದರೂ ಕರೆಸಿ ಕೇಳಿದರೆ, ಅಮ್ಮ ನನ್ನನ್ನು ಕೇಳದೆ ಬರೆದಳು ಅಂತ ಹೇಳು. ಅದು ನಿಜವೂ ಹೌದು.