ಖಾಲಿ ಕಾಟಾದ ಮೇಲೆ ಹತ್ತು ಕಿಲೋ

॥ ಶ್ರೀ ॥

ಹೊಸಪೇಟೆ
ಶ್ರಾವಣ ಬಹುಳ ದ್ವಾದಶಿ, ಸೆಪ್ಟೆಂಬರ್ ೨೦೦೭

ಸೌಭಾಗ್ಯವತಿ ಶ್ರೀಲಕ್ಷ್ಮೀಗೆ ವ್ಯಾಸರಾಜನ ಆಶೀರ್ವಾದಗಳು.

ಹೇಗಿದ್ದೀ? ನಿನ್ನ ಮೊಣಕಾಲು ಧಾರವಾಡದ ಥಂಡಿಗೆ ಹೇಗಿದೆ? ಶ್ರೀಪ್ರಿಯಾಳ ಕಾಲಿನ ಬಾವು ಇಳಿಯಿತೇ? ಕೂಸು ನಮ್ಮ ಅಪ್ಪನ ಹಣೆಯನ್ನೇ ತಂದಿದೆ ಎಂದು ನೀನು ಬರೆದಿದ್ದೆ. ಹಣೆ ತಂದರೆ ತರಲಿ, ಸಿಟ್ಟು ತರದಿದ್ದರೆ ಸಾಕು. ಈ ಊರಿನ ಧೂಳಿನಲ್ಲಿ ಬಾಣಂತನ ಬೇಡ ಎಂದು ನೀನೇ ಮಗಳ ಮನೆಗೆ ಹೋದದ್ದು ಒಳ್ಳೆಯದಾಯಿತು. ಸಂಡೂರು ರಸ್ತೆಯಲ್ಲಿ ಅದಿರು ಲಾರಿಗಳ ಸಾಲು ಇನ್ನೂ ಬೆಳೆದಿದೆ, ನಿನ್ನ ತುಳಸಿ ಎಷ್ಟು ತೊಳೆದರೂ ಕೆಂಪಗೇ ಇರುತ್ತದೆ. ಅಕ್ಷರ ಮಸುಕಾಗಿ ಕಂಡರೆ ಬೈಯಬೇಡ. ಪೆನ್ನು ಹೊಸದು. ಎಷ್ಟು ಒತ್ತಿದರೂ ಗೆರೆ ಸರಿಯಾಗಿ ಮೂಡುತ್ತಿಲ್ಲ, ಒಂದೊಂದು ಸಾಲನ್ನೂ ಎರಡೆರಡು ಸಲ ತಿದ್ದುತ್ತಿದ್ದೇನೆ. ಯಾಕೆ ಎಂಬುದನ್ನು ಹೇಳಲಿಕ್ಕೇ ಈ ಕಾಗದ.

ಹೋಗುವಾಗ ನೀನು ನನ್ನಿಂದ ಎರಡು ಮಾತು ತೆಗೆದುಕೊಂಡಿದ್ದೆ. ದಿನಾ ಬೆಳಿಗ್ಗೆ ಕಾಲುವೆ ದಂಡೆಯ ಹನುಮಪ್ಪನ ಗುಡಿಗೆ ನಡೆದು ಹೋಗಿ ಇಪ್ಪತ್ತೊಂದು ಪ್ರದಕ್ಷಿಣೆ ಹಾಕಬೇಕು. ಏಕಾದಶಿಯ ದಿನ ಉಪವಾಸವಿದ್ದು ತೂಕ ನೋಡಿಸಿ, ಮರುದಿನ ನಿನಗೆ ಬರೆಯಬೇಕು. ಬರೆದೆ ಕೂಡ. ಆಷಾಢದ ಪ್ರಥಮೇಕಾದಶಿಗೆ ತೊಂಬತ್ತು ಕಿಲೋ, ಹದಿನೈದು ದಿನಕ್ಕೆ ಅರವತ್ತು. ನೀನು ಸಂತೋಷಪಟ್ಟು ಅಕ್ಕಪಕ್ಕದ ಮನೆಗೆಲ್ಲ ಸಕ್ಕರೆ ಹಂಚಿದೆಯಂತೆ. ಈಗ ನಿಜ ಹೇಳುತ್ತೇನೆ. ಆಗ ನಾನು ಒಂದು ದಿನವೂ ನಡೆದಿರಲಿಲ್ಲ. ಔಷಧಿ ಅಂಗಡಿಯ ತಕ್ಕಡಿಯವರೆಗೂ ಹೋಗಲಿಲ್ಲ. ನಾನು ಕೂರುವ ಕ್ಯಾಬಿನ್ನಿನಿಂದ ನಾಲ್ಕು ಹೆಜ್ಜೆ ಇಟ್ಟು ನಮ್ಮ ಲಾರಿ ಕಾಟಾದ ಮೇಲೆಯೇ ನಿಂತು ನೋಡಿದ್ದೆ. ಟನ್ನುಗಟ್ಟಲೆ ಅದಿರು ತೂಗುವ ಕಬ್ಬಿಣದ ಹಾಸು ಅದು, ಹತ್ತು ಹತ್ತು ಕಿಲೋದ ಲೆಕ್ಕದಲ್ಲಿ ಮಾತ್ರ ತೋರಿಸುತ್ತದೆ. ತೋರಿಸಿದ್ದನ್ನೇ ಬರೆದೆ. ಆದರೆ ಅರವತ್ತು ಎಂದು ಬೋರ್ಡು ತೋರಿಸಿದ ದಿನವೇ ನನ್ನ ಪ್ಯಾಂಟಿನ ಗುಂಡಿ ಹತ್ತದೆ ಪಿನ್ನು ಚುಚ್ಚಿಕೊಂಡಿದ್ದೆ.

ಮಲಪನಗುಡಿಯ ಹೊಲ ನಮ್ಮ ಕೈಯಲ್ಲಿದ್ದಾಗ ನಾನು ಹೇಗಿದ್ದೆ, ನಿನಗೆ ನೆನಪಿದೆಯಲ್ಲ. ಬೆಳಿಗ್ಗೆ ಬರಿಗಾಲಿನಲ್ಲಿ ಸನಿಕೆ ಹೊತ್ತು ಕಾಲುವೆ ದಂಡೆ ಹಿಡಿದರೆ ಗದ್ದೆಗೆ ನೀರು ಕಟ್ಟಿ ಬರುವಷ್ಟರಲ್ಲಿ ಮಧ್ಯಾಹ್ನ. ಬಡಿಸುವಾಗ ನೀನು ‘ಗಾಳಿಗೆ ಹಾರಿ ಹೋಗ್ತೀರಿ, ಇನ್ನೊಂದ ಮುದ್ದಿ ಉಣ್ರಿ’ ಎನ್ನುತ್ತಿದ್ದೆ. ಹೊಲ ಲಾರಿ ನಿಲ್ಲುವ ಜಾಗವಾಯಿತು, ನಾನು ಕುರ್ಚಿಗೆ ಬಂದೆ. ನಾಲ್ಕು ವರ್ಷ, ದಿನಕ್ಕೆ ಹನ್ನೆರಡು ತಾಸು. ಲಾರಿ ಬರುತ್ತದೆ, ಗುಂಡಿ ಒತ್ತುತ್ತೇನೆ, ಚೀಟಿ ಕಿಟಕಿಯಿಂದ ಕೊಡುತ್ತೇನೆ. ಎದುರು ಗೂಡಂಗಡಿಯ ಕರೆಮ್ಮ ಚಹಾ, ಮಿರ್ಚಿ, ಮಂಡಕ್ಕಿ ಅದೇ ಕಿಟಕಿಯಲ್ಲಿ ಇಡುತ್ತಾಳೆ. ನೆರಳು, ಫ್ಯಾನು, ಕೂತು ಮಾಡುವ ಕೆಲಸ, ನನ್ನ ನಂತರ ಈ ಸೀಟು ಮಗ ವಿದ್ಯಾಧೀಶನಿಗೇ ಆಗಲಿ ಎಂದು ನೀನು ದೇವರಿಗೆ ಹೇಳಿಕೊಳ್ಳುತ್ತಿದ್ದುದು ನನಗೆ ಗೊತ್ತು. ಡಾಕ್ಟರು ಹೊಟ್ಟೆಗೆ ಟೇಪು ಸುತ್ತಿ ‘ಉಂಡದ್ದಕ್ಕಿಂತ ಕುಂತದ್ದು ಭಾಳ ಆಗೈತ್ರಿ ಆಚಾರ್ರ, ಕುರ್ಚಿ ನಿಮ್ಮನ್ನ ತಿನ್ನಾಕತ್ತೈತಿ’ ಎಂದಾಗ ನಾವಿಬ್ಬರೂ ನಕ್ಕೆವು. ಇದೇ ಕುರ್ಚಿಯಲ್ಲಿ ನನಗಿಂತ ಮುಂಚೆ ಇದ್ದ ಪಾಲಪ್ಪ ಕೂತಲ್ಲೇ ಜೀವ ಬಿಟ್ಟವನು. ಅವನು ಹೋಗಿ ಒಂದು ತಾಸಿನವರೆಗೆ ಯಾರಿಗೂ ತಿಳಿಯಲಿಲ್ಲವಂತೆ. ಆ ತಾಸಿನಲ್ಲಿಯೂ ಚೀಟಿಗಳು ಬರುತ್ತಿದ್ದವು ಎಂದು ಡ್ರೈವರುಗಳು ಹೇಳುತ್ತಾರೆ. ಇದನ್ನು ನಿನಗೆ ಹೇಳಿರಲಿಲ್ಲ.

ಕಾಟಾದ ಒಂದು ನಿಯಮವಿದೆ. ಲಾರಿ ಇಳಿದ ಮೇಲೂ ಬೋರ್ಡು ಸೊನ್ನೆಗೆ ಬರದಿದ್ದರೆ ಮಣ್ಣು ಬಿದ್ದಿದೆ ಎಂದು ಅರ್ಥ. ಎದ್ದು ಹೋಗಿ ಹಾಸನ್ನು ಗುಡಿಸಬೇಕು, ಆಮೇಲೆ ಸೊನ್ನೆಯ ಗುಂಡಿ ಒತ್ತಬೇಕು. ನೀನು ಹೋದ ವಾರವೇ ಖಾಲಿ ಕಾಟಾ ಹತ್ತು ಕಿಲೋ ತೋರಿಸಿತು. ಏಳಲಿಕ್ಕೆ ಬೇಸರ. ಕೂತಲ್ಲಿಂದಲೇ ಗುಂಡಿ ಒತ್ತಿದೆ, ಸೊನ್ನೆಯಾಯಿತು. ನಾಲ್ಕು ದಿನ ಬಿಟ್ಟು ಮತ್ತೆ ಹತ್ತು, ಮತ್ತೆ ಒತ್ತಿದೆ. ಬರಬರುತ್ತ ಇನ್ನೂ ಬೇಗ ಬೇಗ. ಹೀಗೆ ಒಂಬತ್ತು ಸಲ. ನಡುವೆ ಒಂದು ದಿನ ಮಟಮಟ ಮಧ್ಯಾಹ್ನ ಡ್ರೈವರ್ ಕೊಟ್ರಯ್ಯ ಲಾರಿಯನ್ನು ಕಾಟಾಕ್ಕೆ ಹತ್ತಿಸದೆ ಹಾರ್ನು ಹೊಡೆಯುತ್ತಲೇ ನಿಂತ. ಏನೆಂದು ಕೇಳಿದರೆ ‘ಮ್ಯಾಲ ನಿಂತವ್ರನ್ನ ಮೊದ್ಲ ಇಳಸ್ರಿ’ ಎಂದ. ಯಾರೂ ಇಲ್ಲವಲ್ಲೋ ಎಂದೆ. ಅವನು ಕಾಟಾ ನೋಡಿದ, ನನ್ನ ಮುಖ ನೋಡಿದ. ‘ನಿಮ್ಮಂಗ ಇದ್ರು ನೋಡ್ರಿ. ಸಣ್ಣಗ, ಹೆಗಲ ಮ್ಯಾಲ ಸನಿಕಿ ಇತ್ತು. ಕ್ಯಾಬಿನ್ ಕಡೆನೇ ನೋಡಾಕತ್ತಿದ್ರು’ ಎಂದು ಚೀಟಿ ಇಸಕೊಂಡ. ಬಿಸಿಲಿಗೆ ತಲೆ ತಿರುಗಿರಬೇಕೆಂದು ಕರೆಮ್ಮನಿಂದ ಅವನಿಗೆ ಮಜ್ಜಿಗೆ ಕೊಡಿಸಿದೆ.

ಶ್ರಾವಣ ಶುದ್ಧ ಏಕಾದಶಿಗೆ ಕಾಟಾದ ಮೇಲೆ ನಿಂತೆ. ಬೋರ್ಡು ಸೊನ್ನೆ ತೋರಿಸಿತು. ಒಂದು ಕಾಲಲ್ಲಿ ನಿಂತೆ, ಕುಪ್ಪಳಿಸಿದೆ. ಸೊನ್ನೆ. ಹಿಂದೆಯೇ ಬಂದ ಖಾಲಿ ಲಾರಿಯನ್ನು ಅದು ಸರಿಯಾಗಿಯೇ ತೂಗಿತು. ಇಳಿದು ಕ್ಯಾಬಿನ್ನಿಗೆ ಬರುವಾಗ ನೆಲ ನೋಡಿದೆ. ಲಕ್ಷ್ಮೀ, ಬೆರಳುದ್ದ ಕೆಂಪು ಧೂಳು ಕೂತ ದಾರಿ ಅದು, ಕೋಳಿ ನಡೆದರೂ ಗುರುತು ಬೀಳುತ್ತದೆ. ನನ್ನ ಹೆಜ್ಜೆ ಒಂದೂ ಇರಲಿಲ್ಲ. ನನಗೆ ಭಯವಾಯಿತು. ಅವತ್ತೇ ನಿನಗೆ ಮೂರು ಸಲ ಫೋನು ಮಾಡಿದೆ. ನೀನು ‘ಹಲೋ, ಯಾರ್ರಿ, ಮಾತಾಡ್ರಿ’ ಎಂದು ಕೇಳಿ ಕೇಳಿ ಇಟ್ಟುಬಿಟ್ಟೆ. ನಾನು ಗಂಟಲು ಹರಿಯುವಂತೆ ಕೂಗುತ್ತಿದ್ದೆ. ಕರೆಮ್ಮನೂ ಎರಡು ದಿನದಿಂದ ಕಿಟಕಿಯಲ್ಲಿ ಚಹಾ ಇಟ್ಟಿರಲಿಲ್ಲ; ಕೇಳಿದರೆ ನನ್ನ ಕಡೆ ತಿರುಗಲೇ ಇಲ್ಲ.

ಮರುದಿನ ಪಾರಣೆ ಮಾಡಿ ಪೊರಕೆ ಹಿಡಿದೆ. ನಾಲ್ಕು ವರ್ಷದಲ್ಲಿ ಮೊದಲ ಸಲ ಕಾಟಾ ಗುಡಿಸಿದೆ. ಅಂಗುಲ ದಪ್ಪ ಧೂಳು ಹೋದ ಮೇಲೆ ಕಬ್ಬಿಣದ ಮೇಲೆ ಎರಡು ಪಾದ ಕಂಡವು, ಬರಿಗಾಲಿನವು, ಕ್ಯಾಬಿನ್ನಿನ ಕಡೆ ಮುಖ ಮಾಡಿ ನಿಂತವು. ಎಷ್ಟು ಗುಡಿಸಿದರೂ ಹೋಗಲಿಲ್ಲ. ಎಡಗಾಲಿನ ಕಿರುಬೆರಳು ಒಳಕ್ಕೆ ಮಡಚಿತ್ತು. ಆ ಬೆರಳು ನಿನಗೂ ಗೊತ್ತು, ಮದುವೆಯ ದಿನ ನನ್ನ ಕಾಲು ತೊಳೆಯುವಾಗ ನಿನ್ನ ತಂದೆ ಅದೇನೆಂದು ಕೇಳಿದ್ದರು. ಈಗ ಊದಿಕೊಂಡ ನನ್ನ ಕಾಲನ್ನು ಅದರ ಮೇಲಿಟ್ಟರೆ ಎಲ್ಲ ಕಡೆಯೂ ಹೊರಗೆ ಚಾಚಿತು. ಎಷ್ಟು ವರ್ಷದಿಂದ ಅವನು, ಹೊಲದ ದಿನಗಳ ಆ ನಾನು, ಅಲ್ಲಿ ನಿಂತು ನಾನು ಏಳುವುದನ್ನು ಕಾಯುತ್ತಿದ್ದನೋ. ಒಂಬತ್ತು ಸಲ ಹತ್ತು ಹತ್ತಾಗಿ ನಾನು ಒತ್ತಿ ಸೊನ್ನೆ ಮಾಡಿದ್ದು ಮಣ್ಣನ್ನಲ್ಲ, ನನ್ನ ತೂಕವನ್ನೇ. ನಾನು ಅಲ್ಲೇ ಕೂತು ಅತ್ತೆ, ಆಮೇಲೆ ಎದ್ದು ಚಪ್ಪಲಿ ಬಿಟ್ಟು ಹನುಮಪ್ಪನ ಗುಡಿಗೆ ನಡೆದೆ.

ಇಂದಿಗೆ ಹದಿನೈದು ದಿನವಾಯಿತು, ಒಂದು ದಿನವೂ ತಪ್ಪಿಸಿಲ್ಲ. ಮೊದಲ ದಿನ ಏಳನೆಯ ಪ್ರದಕ್ಷಿಣೆಗೇ ಎದೆ ಹೊಡೆದುಕೊಂಡಿತು, ಕಂಬ ಹಿಡಿದು ನಿಂತು ಮುಗಿಸಿದೆ. ಐದನೆಯ ದಿನ ತಿರುಗಿ ನೋಡಿದರೆ ಧೂಳಿನಲ್ಲಿ ಹಿಮ್ಮಡಿಯ ಗುರುತಿತ್ತು, ಇಷ್ಟೇ ಇಷ್ಟು. ನಿನ್ನೆ ಏಕಾದಶಿ, ಕಾಟಾ ಹತ್ತು ತೋರಿಸಿತು. ಉಳಿದದ್ದೂ ಬರುತ್ತದೆ ಎಂದು ನಂಬಿದ್ದೇನೆ. ಕೊಟ್ರಯ್ಯ ನಿನ್ನೆ ‘ಎಲ್ಲಿಗೆ ಹೋಗಿದ್ರಿ ಇಷ್ಟ ದಿವ್ಸ’ ಎಂದು ಕೇಳಿದ. ಒಬ್ಬರು ಕಂಡು ಮಾತಾಡಿಸಿದರೆ ಇಷ್ಟು ಸುಖವೆಂದು ನನಗೆ ಗೊತ್ತಿರಲಿಲ್ಲ. ಈ ತಿಂಗಳು ಮೊಸರು ಬಿಟ್ಟಿದ್ದೇನೆ, ವ್ರತಕ್ಕೂ ಹೌದು, ಹೊಟ್ಟೆಗೂ ಹೌದು. ನೀನು ಬರುವಷ್ಟರಲ್ಲಿ ಬಾಗಿಲಲ್ಲಿ ನಿನಗೆ ಕಾಣುವಷ್ಟಾದರೂ ಆಗಿರುತ್ತೇನೆ.

ಶ್ರೀಪ್ರಿಯಾಳಿಗೆ ಅಪ್ಪನ ಆಶೀರ್ವಾದ ಹೇಳು. ಕೂಸಿನ ಅಂಗಾಲಿಗೆ ನನ್ನದೊಂದು ಮುತ್ತು. ಅಳಿಯಂದಿರಿಗೂ ಬೀಗರಿಗೂ ನಮಸ್ಕಾರಗಳು. ಹನುಮಪ್ಪ ನಿಮ್ಮೆಲ್ಲರನ್ನೂ ಚೆನ್ನಾಗಿಟ್ಟಿರಲಿ.

ನಿನ್ನ
ವ್ಯಾಸರಾಜ

ಮರೆತಿದ್ದೆ: ಮರೆತಿಲ್ಲ, ಬರೆಯಲು ಕೈ ಬಂದಿರಲಿಲ್ಲ. ನಾನು ಗುಡಿಗೆ ಹೋಗುವ ಬೆಳಗಿನ ಹೊತ್ತು ಕಾಟಾ ನೋಡಿಕೊಳ್ಳಲಿ ಎಂದು ಮನೆಯಲ್ಲಿ ಚೀಟಿ ಬರೆದಿಟ್ಟು ವಿದ್ಯಾಧೀಶನನ್ನು ಆ ಕುರ್ಚಿಯಲ್ಲಿ ಕೂರಿಸಿದೆ. ಎರಡು ತಾಸಿಗೆಂದು ಕೂತವನು ಈಗ ಇಡೀ ದಿನ ಏಳುವುದಿಲ್ಲ, ಊಟವೂ ಕಿಟಕಿಯಲ್ಲೇ. ಮಾಲೀಕರೂ ಸೀಟು ಅವನಿಗೇ ಎಂದಿದ್ದಾರೆ. ಇವತ್ತು ಬೆಳಿಗ್ಗೆ ಗುಡಿಯಿಂದ ಬರುವಾಗ ಬೋರ್ಡು ನೋಡಿದೆ. ಲಾರಿ ಇರಲಿಲ್ಲ, ಕಾಟಾದ ಮೇಲೆ ಹತ್ತು ಕಿಲೋ ಇತ್ತು. ಹಾಸನ್ನು ನಾನೇ ಗುಡಿಸಿ ಹೋಗಿದ್ದೆ. ಒತ್ತಬೇಡ, ಎದ್ದು ಬಾ ಎಂದು ಕಿಟಕಿಯ ಹತ್ತಿರ ನಿಂತು ಕೂಗಿದೆ. ಅವನಿಗೆ ನನ್ನ ದನಿ ಇನ್ನೂ ಕೇಳಿಸುವುದಿಲ್ಲ. ನನ್ನ ಕಣ್ಣೆದುರೇ ಒತ್ತಿದ. ಈ ಕಾಗದ ಕೈಗೆ ಬಂದ ಕೂಡಲೇ ಅವನಿಗೆ ಫೋನು ಮಾಡು. ನಿನ್ನ ದನಿಗೆ ತೂಕವಿದೆ, ಅವನಿಗೆ ಕೇಳಿಸುತ್ತದೆ. ಬೇರೆ ಏನೂ ಹೇಳಬೇಡ, ಏಳು ಅಂತ ಹೇಳು.