ಚೊಕ್ಕಚಿತ್ರದವರು

ಗದಗ, ಮಾಗಿ ತಿಂಗಳ ಮೂವತ್ತೇಳನೇ ದಿನ, ಕ್ರಿ.ಶ. ೨೧೯೮

ನನಗಿಂತ ಬಹಳ ಮುಂಚೆ ಬದುಕುತ್ತಿರುವ ಹಿರಿಯರಿಗೆ,

ತಾರೀಖು ನೋಡಿ ನಗಬೇಡಿ. ನಮ್ಮ ತಿಂಗಳಿಗೆ ನಲವತ್ತು ದಿನ, ಆದರೂ ಕೆಲಸ ಮುಗಿಯುವುದಿಲ್ಲ. ನನ್ನ ಕೆಲವು ಮಾತು ನಿಮಗೆ ವಿಚಿತ್ರ ಅನ್ನಿಸಿದರೆ ಕ್ಷಮಿಸಿ. ದಣಿದವಳಿಗೆ ಪದ ಆರಿಸುವ ತಾಳ್ಮೆಯಿಲ್ಲ. ನಾನು ನೀಲಾಂಬಿಕೆ, ಬೆನ್ನಿನ ಸೂಜಿವೈದ್ಯೆ.

ನೀವು ಎಂಆರ್‌ಐ ಎನ್ನುವ ಯಂತ್ರವನ್ನು ನಾವು ಗವಿ ಎನ್ನುತ್ತೇವೆ. ನಿಮ್ಮಲ್ಲಿ ಅದು ಬಹುಪಾಲು ಚಿತ್ರ ತೆಗೆಯುವುದಕ್ಕೆ. ನಮ್ಮಲ್ಲಿ ಬೆನ್ನಿನ ಚಿಕಿತ್ಸೆಯೂ ಅದರೊಳಗೇ. ಬಾಗಿಲಲ್ಲೇ ತಾಳಿ, ಕಾಲುಂಗುರ, ಉಡಿದಾರ ಬಿಚ್ಚಿಸಿ ಬಟ್ಟೆಯಲ್ಲಿ ಕಟ್ಟಿಡುತ್ತೇವೆ. ರೋಗಿ ಎಚ್ಚರವಾಗಿಯೇ ಮಲಗಿರುತ್ತಾರೆ. ಕಾಣುಸೂಜಿ, ಅಂದರೆ ಅಯಸ್ಕಾಂತಕ್ಕೆ ಜಗ್ಗದ, ಹೋದಲ್ಲೆಲ್ಲ ಪರದೆಯ ಮೇಲೆ ತೋರುವ ಸೂಜಿ, ಚರ್ಮ ದಾಟಿ ನರದ ಅಂಚಿಗೆ ಹೋಗುವುದನ್ನು ನಾನು ಕೂತಲ್ಲೇ ನೋಡುತ್ತೇನೆ. ದೊಡ್ಡ ಗಾಯವಿಲ್ಲ, ಹೊಲಿಗೆಯಿಲ್ಲ. ಊಟದ ಹೊತ್ತಿಗೆ ರೋಗಿ ಮನೆಯಲ್ಲಿ. ಇದಕ್ಕೆ ಬುನಾದಿ ಹಾಕಿದವರು ನೀವು, ಕೈಮುಗಿಯುತ್ತೇನೆ. ಆದರೆ ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುವ ಹಾಗೆ ನಾವು ಗವಿಯನ್ನು ಅತಿಯಾಗಿ ಮುದ್ದು ಮಾಡಿದೆವು. ಚಿತ್ರದಲ್ಲಿ ಕಾಣದ್ದಕ್ಕೆ ಸೂಜಿ ಹಾಕಬಾರದು ಎಂಬ ನಿಯಮ ಬಂತು. ನಿಯಮವೇನೋ ಒಳ್ಳೆಯದೇ. ಆದರೆ ಚಿತ್ರ ಶುಭ್ರವಾಗಿದ್ದೂ ನೋವು ಎನ್ನುವವರಿಗೆ ಚೊಕ್ಕಚಿತ್ರದವರು ಎಂದು ಹೆಸರಿಟ್ಟು, ಹಚ್ಚಿಕೊಳ್ಳಲು ಎಣ್ಣೆ ಕೊಟ್ಟು ಕಳಿಸತೊಡಗಿದೆವು. ಈಗ ಊರಲ್ಲಿ ಅದೊಂದು ಬೈಗುಳ. ಮೈಗಳ್ಳರನ್ನು ಹಾಗೆ ಕರೆಯುತ್ತಾರೆ.

ಗುರುಸಿದ್ದವ್ವ ಅಂಥವಳು. ರೊಟ್ಟಿ ಕೇಂದ್ರದಲ್ಲಿ ಮುಂಜಾನೆಯಿಂದ ನೆಲದ ಮೇಲೆ ಕೂತು ಜೋಳದ ರೊಟ್ಟಿ ಬಡಿಯುವಾಕೆ. ಯಂತ್ರ ತಟ್ಟಿದ್ದನ್ನು ನಮ್ಮ ಜನ ಇನ್ನೂ ರೊಟ್ಟಿ ಅಂತ ಒಪ್ಪಿಲ್ಲ. ಕೂತು ಬಗ್ಗಿದರೆ ಆಕೆಗೆ ಸೊಂಟದಿಂದ ಪಾದದವರೆಗೆ ಉರಿ, ಅಡ್ಡಾದರೆ ಏನೂ ಇಲ್ಲ. ಬೇರೆ ವೈದ್ಯರು ಮಲಗಿಸಿ ಚಿತ್ರ ತೆಗೆದು ಮತ್ತೆ ಮತ್ತೆ ಹಿಂದೆ ಕಳಿಸಿದ್ದರು. ನನ್ನಲ್ಲಿಗೆ ಬರುವಷ್ಟರಲ್ಲಿ ಒಂದು ಪಾದ ಎತ್ತಲಾಗದೆ ಎಳೆದುಕೊಂಡು ನಡೆಯುತ್ತಿದ್ದಳು. ನಾನೂ ಪರದೆ ನೋಡಿ ಏನೂ ಇಲ್ಲವಲ್ಲ ಎಂದೆ. ಆಕೆ ಜಗಳಕ್ಕೆ ಬರಲಿಲ್ಲ.

"ಚಿತ್ರದಾಗ ಇಲ್ಲಂದ್ರ ಈ ನೋವು ಯಾರದ್ರಿ ಡಾಕ್ಟರಮ್ಮ? ನಾ ಏನ್ ಮಕ್ಕೊಂಡು ರೊಟ್ಟಿ ಬಡೀತೀನೇನ್ರಿ?"

ನನಗೆ ನಾಚಿಕೆಯಾಯಿತು. ಹೇಗೆ ಕೂರುತ್ತೀ ತೋರಿಸು ಎಂದೆ. ನೆಲದ ಮೇಲೆ ಒಂದು ಮೊಣಕಾಲು ಮಡಚಿ, ಬೆನ್ನು ಬಾಗಿಸಿ ತೋರಿಸಿದಳು. ಗವಿಯೊಳಗೆ ಕೂರಲು ಜಾಗವಿಲ್ಲ. ಮಗ್ಗುಲಾಗಿ ಮಲಗಿಸಿ, ಕೌದಿಗಳನ್ನು ಮಡಚಿ ಒತ್ತುಕೊಟ್ಟು, ಆಕೆಯ ಬೆನ್ನನ್ನು ಅದೇ ರೀತಿ ಬಾಗಿಸಿದೆವು. ಉರಿ ಬಂತು ಎಂದು ಆಕೆ ಹೇಳಿದ ಕ್ಷಣ ಚಿತ್ರ ತೆಗೆದೆವು. ಎರಡು ಮೂಳೆಗಳ ನಡುವಿನ ಮೆತ್ತೆ ಉಬ್ಬಿ ನರವನ್ನು ಅದುಮಿ ಕೂತಿತ್ತು. ಅಲ್ಲಿಗೇ ಸೂಜಿ ಇಳಿಸಿ ಉಬ್ಬನ್ನು ಹೀರಿ ತೆಗೆದೆ. ಉರಿ ಅಲ್ಲೇ ನಿಂತಿತು. ಆಕೆ ಅತ್ತಳು, ನನಗೂ ತಡೆಯಲಾಗಲಿಲ್ಲ.

ಆದರೆ ಪಾದ ಏಳಲಿಲ್ಲ. ಯಾವಾಗ ಏಳುತ್ತದೆ ಎಂದು ಬಂದಾಗಲೆಲ್ಲ ಕೇಳುತ್ತಾಳೆ. ಅದುಮಿಸಿಕೊಂಡು ಬಹಳ ಕಾಲವಾದ ನರ ಮರಳಿ ಬರದಿರಬಹುದು ಎಂದು ಹೇಳಿದ್ದೇನೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದವರು ನಾವು.

ನೀವು ಈಗಷ್ಟೇ ಗವಿಯೊಳಗಿನ ಈ ಕೆಲಸ ಕಲಿಯುತ್ತಿದ್ದೀರಿ, ಅದಕ್ಕೇ ಬೇಡುತ್ತೇನೆ. ಗವಿಗೆ ಕಳಿಸುವ ಮೊದಲು ರೋಗಿಯನ್ನು, ಏನು ಕೆಲಸ ಮಾಡುತ್ತೀರಿ, ಹೇಗೆ ಕೂತರೆ ನೋಯುತ್ತದೆ ಎಂದು ಕೇಳುವ ರೂಢಿಯನ್ನು ಈಗಲೇ ಹಾಕಿಬಿಡಿ. ಯಂತ್ರ ಅದನ್ನು ಕೇಳುವುದಿಲ್ಲ.

ಗುರುಸಿದ್ದವ್ವನ ಸುದ್ದಿ ಹಬ್ಬಿದೆ. ನಾವು ಎಣ್ಣೆ ಕೊಟ್ಟು ಹಿಂದೆ ಕಳಿಸಿದ್ದ ಚೊಕ್ಕಚಿತ್ರದವರೆಲ್ಲ ಈ ಮುಂಜಾನೆ ನಮ್ಮ ಅಂಗಳಕ್ಕೆ ಬಂದಿದ್ದಾರೆ. ಬೆಂಚುಗಳು ಖಾಲಿ ಇವೆ. ಕೂತರೆ ನೋವೆಂದು ಎಲ್ಲರೂ ಗೋಡೆ ಹಿಡಿದು ನಿಂತೇ ಇದ್ದಾರೆ.

ಇಂತಿ,
ನೀಲಾಂಬಿಕೆ